ಆನೆಯ ಮೈಗೆ ಅಕ್ಕನ ಅಂಗೈ

ರೇಷ್ಮೆಗೂಡು ಬೇಯಿಸಿದ ನೀರಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದವರಿಗೆ ಅದನ್ನು ವಿವರಿಸಬೇಕಿಲ್ಲ, ಹತ್ತದವರಿಗೆ ವಿವರಿಸಲು ನನಗೆ ಬರುವುದಿಲ್ಲ. ಗೂಡಿನೊಳಗೆ ಬೆಂದ ಹುಳ ನೀರಿಗೆ ಬಿಟ್ಟ ಜಿಡ್ಡಿನ ವಾಸನೆ ಅದು. ಹೋದ ವರ್ಷ ನಂಟರ ಮನೆಯ ನಾಮಕರಣಕ್ಕೆಂದು ಮಾಲೂರಿನಿಂದ ಶ್ರೀನಿವಾಸಪುರಕ್ಕೆ ಹೋಗಿದ್ದೆ. ವಾಪಸು ಬರುವಾಗ ಊರಾಚೆ ಬಸ್ಸು ಟೈರು ಬದಲಾಯಿಸಲು ನಿಂತಿತು. ಇಳಿದು ನಿಂತೆ. ರಸ್ತೆ ಪಕ್ಕದ ಶೀಟಿನ ಶೆಡ್ಡಿನಿಂದ ಆವಿ ಏಳುತ್ತಿತ್ತು, ಗಾಳಿಯ ಜೊತೆ ಆ ವಾಸನೆ ಬಂತು. ಬೇರೆ ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಕೆಲಸ ಮುಗಿಸಿ ಬಂದ ಅಕ್ಕ ನನ್ನ ಪಕ್ಕದಲ್ಲಿ ನಿಂತ ಹಾಗಿತ್ತು. ಅಕ್ಕ ತೀರಿಹೋಗಿ ಆಗಲೇ ಐದು ವರ್ಷವಾಗಿತ್ತು.

ನಾನು ಎಸ್ಸೆಸ್ಸೆಲ್ಸಿ ಫೇಲಾದವಳು. ಕಾಗದ ಬರೆಯುವುದು ಬಿಟ್ಟರೆ ಬೇರೇನೂ ಬರೆದು ಗೊತ್ತಿಲ್ಲ. ಆದರೆ ಒಂದು ಮಳೆಗಾಲದಲ್ಲಿ ನಾನು ಕಂಪ್ಯೂಟರಿನಲ್ಲಿ ಪ್ರಾಣಿಗಳ ಚಿತ್ರ ಮಾಡಿದೆ, ಅದರಿಂದ ಅಕ್ಕನ ಬದುಕು ಕೆಟ್ಟಿತು. ಅದನ್ನು ಇಷ್ಟು ವರ್ಷ ಗಂಡನಿಗೂ ಹೇಳಿಲ್ಲ.

ಇದು ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷದ ಮಾತು. ನಮ್ಮದು ದೇವರಾಯಸಮುದ್ರದ ಆಚೆಗಿನ ಸಣ್ಣ ಹಳ್ಳಿ. ಮನೆಯಲ್ಲಿ ಅಮ್ಮ, ಅಕ್ಕ, ನಾನು. ಅಕ್ಕನ ಹೆಸರು ರತ್ನ. ನನಗಿಂತ ಏಳು ವರ್ಷ ದೊಡ್ಡವಳು, ಏಳನೇ ಕ್ಲಾಸಿನವರೆಗೆ ಓದಿದ್ದಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಸತ್ತು, ಮನೆಗೆ ವಾಪಸು ಬಂದು, ಮುಳಬಾಗಿಲಿನ ಅಂಚಿನಲ್ಲಿದ್ದ ನೂಲು ತೆಗೆಯುವ ಶೆಡ್ಡಿಗೆ ಕೆಲಸಕ್ಕೆ ಸೇರಿದ್ದಳು. ಕುದಿಯುವ ನೀರಿನ ತೊಟ್ಟಿಯ ಮುಂದೆ ದಿನವಿಡೀ ಕೂತು, ನೀರಿಗೆ ಬೆರಳು ಅದ್ದಿ, ಗೂಡಿನಿಂದ ನೂಲಿನ ತುದಿ ಹುಡುಕಿ ಎತ್ತಿ ಕೊಡುವ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಅವಳ ಬೆರಳಿಗೆ ಸಿಗುತ್ತಿತ್ತು. ಸಂಜೆ ಹೊತ್ತಿಗೆ ಕೈ ಬೆಳ್ಳಗೆ ಊದಿ ಸುಕ್ಕಾಗಿರುತ್ತಿತ್ತು. ಬಸ್ಸಿನಲ್ಲಿ ಅವಳು ಕೈಗಳನ್ನು ಸೆರಗಿನ ಒಳಗೆ ಇಟ್ಟುಕೊಂಡು ಕೂರುತ್ತಿದ್ದಳು.

ನಾನು ಫೇಲಾದ ಮೇಲೆ ಅಮ್ಮ ನನ್ನನ್ನೂ ಅದೇ ಶೆಡ್ಡಿಗೆ ಕಳಿಸುವ ಮಾತೆತ್ತಿದಳು. ಅಕ್ಕ ಒಪ್ಪಲಿಲ್ಲ. ‘ಒಬ್ಬಳು ಬೇಯ್ತಿರೋದು ಸಾಕು’ ಎಂದಳು. ತಾನೇ ಕರೆದುಕೊಂಡು ಹೋಗಿ ಬಸ್ ಸ್ಟ್ಯಾಂಡಿನ ಹಿಂದಿನ ಬಾಷಣ್ಣನ ಅಂಗಡಿಗೆ ಸೇರಿಸಿದಳು. ಬಾಷಣ್ಣ ಹಿಂದೆ ಬ್ರಷ್ಷು ಹಿಡಿದು ಅಂಗಡಿ ಬೋರ್ಡು, ಲಾರಿಯ ಹಿಂಬದಿ ಎಲ್ಲ ಬರೆಯುತ್ತಿದ್ದವನು. ಕಾಲ ಬದಲಾಯಿತೆಂದು ಒಂದು ಕಂಪ್ಯೂಟರು, ಒಂದು ಸ್ಕ್ಯಾನರು ತಂದಿಟ್ಟುಕೊಂಡಿದ್ದ. ಆದರೆ ಅವನಿಗೆ ಮೌಸ್ ಒಗ್ಗಲಿಲ್ಲ. ಕಣ್ಣು ಅವನದು, ಕೈ ನನ್ನದು, ಹೀಗೆ ನಡೆಯುತ್ತಿತ್ತು ಅಂಗಡಿ. ಮದುವೆ ಕಾಗದ, ಬಿಲ್ಲು ಪುಸ್ತಕ, ಶ್ರದ್ಧಾಂಜಲಿ ಕಾರ್ಡು.

ಆ ಆಷಾಢದಲ್ಲಿ ಕೋಲಾರದ ಒಬ್ಬರು ಚಾರ್ಟಿನ ಕೆಲಸ ತಂದರು. ನರ್ಸರಿ ಶಾಲೆಗಳ, ಅಂಗನವಾಡಿಗಳ ಗೋಡೆಗೆ ಹಾಕುವ ಕಾಡುಪ್ರಾಣಿಗಳ ಚಾರ್ಟು. ಒಟ್ಟು ಹನ್ನೆರಡು ಪ್ರಾಣಿ, ನಡುವೆ ದೊಡ್ಡದಾಗಿ ಆನೆ. ‘ಚಿತ್ರ ಸರಳವಾಗಿರಬೇಕು, ಮೂರು ವರ್ಷದ ಮಗು ನೋಡಿ ಹೆಸರು ಹೇಳಬೇಕು’ ಎಂದಿದ್ದರು. ನನಗೆ ಸುಲಭ ಅನಿಸಿತು. ಚುಕ್ಕಿಗೆ ಚುಕ್ಕಿ ಸೇರಿಸಿ ಆಕಾರ ಎಳೆದು, ಒಳಗೆ ಬಣ್ಣ ಸುರಿದರೆ ಆಯಿತು. ಮೂರು ದಿನದಲ್ಲಿ ಹನ್ನೆರಡನ್ನೂ ಮಾಡಿ ಬಾಷಣ್ಣನನ್ನು ಕರೆದೆ.

ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ‘ಏನಮ್ಮಾ ಪಾರ್ವತಿ, ಇದು ಕರಡೀನಾ? ಪ್ಲಾಸ್ಟಿಕ್ ಬಿಂದಿಗೆಗೆ ಕಿವಿ ಅಂಟಿಸ್ದಂಗಿದೆ.’

‘ಸರಳವಾಗಿರ್ಬೇಕು ಅಂದ್ರಲ್ಲ ಅಣ್ಣ.’

‘ಸರಳ ಇರ್ಲಿ. ಮೈ ಬೇಡ್ವಾ? ಮುಟ್ಟಿದ್ರೆ ಹೆಂಗಿರತ್ತೆ ಅಂತ ಮಗೂಗೆ ಗೊತ್ತಾಗ್ಬೇಕು. ಇದು ಬರೀ ನೆರಳು.’

ಬ್ರಷ್ಷಿನ ಕಾಲದಲ್ಲಿ ಅವನು ಸ್ಪಂಜು, ಹಳೆ ಬನಿಯನ್ನು, ತೆಂಗಿನ ನಾರು ಎಲ್ಲವನ್ನೂ ಬಣ್ಣಕ್ಕೆ ಅದ್ದಿ ಒತ್ತುತ್ತಿದ್ದನಂತೆ. ಈಗ ಒತ್ತುವ ಬದಲು ಸ್ಕ್ಯಾನರಿನ ಗಾಜಿನ ಮೇಲೆ ಇಡು ಎಂದ. ಅಲ್ಲಿಂದ ನಮ್ಮಿಬ್ಬರಿಗೂ ಹುಚ್ಚು ಹಿಡಿಯಿತು. ಗೋಣಿಚೀಲ ಇಟ್ಟೆವು, ಅದು ಕರಡಿಯಾಯಿತು. ಹಲಸಿನ ಸಿಪ್ಪೆ ಮೊಸಳೆಯಾಯಿತು. ಕಾಲೊರೆಸುವ ನಾರಿನ ಚಾಪೆಯಿಂದ ಸಿಂಹದ ಜೂಲು, ಈರುಳ್ಳಿ ಸಿಪ್ಪೆಯಿಂದ ನವಿಲಿನ ಕತ್ತು, ಟರ್ಕಿ ಟವಲಿನಿಂದ ಮೊಲ. ಗಾಜಿನ ಮೇಲಿಟ್ಟದ್ದನ್ನು ಆಕಾರದ ಒಳಗೆ ತೂರಿಸಿ, ಬಣ್ಣ ತಿಳಿ ಮಾಡಿ ಬೆರೆಸಿದರೆ, ಬಿಂದಿಗೆಯಂತಿದ್ದ ಪ್ರಾಣಿ ಉಸಿರಾಡುತ್ತಿದೆಯೇನೋ ಅನಿಸುತ್ತಿತ್ತು. ಅಂಗಡಿಯ ಮುಂದೆ ಪಡುವಣ ಗಾಳಿಗೆ ಧೂಳೇಳುತ್ತಿತ್ತು, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ನನಗೆ ಅದ್ಯಾವುದೂ ಕಾಣುತ್ತಿರಲಿಲ್ಲ. ಬಸ್ಸಿನ ಸೀಟಿನ ರೆಕ್ಸಿನ್ನು, ಹುಣಸೆ ಮರದ ತೊಗಟೆ, ಗೋಡೆಯ ಪಾಚಿ, ಕಂಡದ್ದನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ. ಜೀವನದಲ್ಲಿ ಮೊದಲ ಸಲ ನನಗೆ ಒಂದು ಕೆಲಸ ಬರುತ್ತದೆ ಅನಿಸಿತ್ತು.

ಆನೆ ಮಾತ್ರ ಬಗ್ಗಲಿಲ್ಲ. ಹುಣಸೆ ತೊಗಟೆ ಹಾಕಿದರೆ ಮರದ ಆನೆಯಾಯಿತು. ಬಿರಿದ ಕೆರೆಮಣ್ಣಿನ ಹೆಂಟೆ ಹಾಕಿದರೆ ಗೋಡೆಯಂತಾಯಿತು. ಮುದುರಿದ ಕಾಗದ, ಹಳೆ ಚರ್ಮದ ಚೀಲ, ಯಾವುದೂ ಆಗಲಿಲ್ಲ. ಚಾರ್ಟಿನವರು ಎರಡು ಸಲ ಫೋನು ಮಾಡಿದರು.

ಶ್ರಾವಣದ ಒಂದು ಸಂಜೆ ಸೋನೆ ಹಿಡಿದಿತ್ತು. ಅಕ್ಕ ದಿನದಂತೆ ಶೆಡ್ಡಿನಿಂದ ನನ್ನ ಅಂಗಡಿಗೆ ಬಂದಳು, ಇಬ್ಬರೂ ಐದೂವರೆ ಬಸ್ಸಿಗೆ ಹೋಗುತ್ತಿದ್ದೆವು. ಅವತ್ತು ಬಸ್ಸು ತಡವೆಂದು ಗೊತ್ತಾಗಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ತಲೆ ಒರೆಸಿಕೊಳ್ಳಲು ಸೆರಗಿನಿಂದ ಕೈ ಹೊರಗೆ ತೆಗೆದಳು. ಟ್ಯೂಬ್‌ಲೈಟಿನ ಬೆಳಕು ಅಂಗೈ ಮೇಲೆ ಬಿತ್ತು. ಗೆರೆ, ಗೆರೆಯ ಒಳಗೆ ಸಣ್ಣ ಗೆರೆ, ನಡುನಡುವೆ ಉಬ್ಬು.

‘ಅಕ್ಕ, ಕೈ ಕೊಡು ಇಲ್ಲಿ.’

‘ಯಾಕೆ, ಶಾಸ್ತ್ರ ಹೇಳ್ತೀಯಾ?’

‘ಆನೆಗೆ ಬೇಕು.’

‘ಆನೆಗ್ಯಾಕೇ ಕೈ, ಸೊಂಡ್ಲು ಸಾಲ್ದಾ?’

ಬಾಷಣ್ಣ ಜೋರಾಗಿ ನಕ್ಕ. ನಾನು ಅವಳ ಕೈ ಹಿಡಿದು ಗಾಜಿನ ಮೇಲೆ ಇಟ್ಟೆ. ‘ಅಲ್ಲಾಡಿಸ್ಬಾರ್ದು. ಕೆಳಗಡೆ ಬೆಳಕು ಹೋಗತ್ತೆ.’

‘ಸುಡತ್ತಾ?’

‘ಇಲ್ಲ.’

‘ಹಂಗಾದ್ರೆ ಎಷ್ಟೊತ್ತು ಬೇಕಾದ್ರೂ ಇಡ್ತೀನಿ ಬಿಡು.’

ಬೆಳಕಿನ ಪಟ್ಟಿ ಅವಳ ಬೆರಳ ಸಂದಿಯಿಂದ ಮಣಿಕಟ್ಟಿನವರೆಗೆ ಹರಿದು ಹೋಯಿತು. ಪರದೆಯ ತುಂಬ ಕೈ ಮೂಡಿತು. ಅಕ್ಕ ಮುಂದಕ್ಕೆ ಬಾಗಿ ನೋಡಿದಳು. ಅಷ್ಟು ದೊಡ್ಡದಾಗಿ ತನ್ನ ಕೈಯನ್ನು ಅವಳು ಎಂದೂ ಕಂಡಿರಲಿಲ್ಲ. ‘ನಂದೇನೇ ಇದು? ಅಮ್ಮನ ಕೈ ಇದ್ದಂಗಿದೆ’ ಎಂದಳು. ಆಮೇಲೆ ನನ್ನ ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

ನಾನು ಕೈಯ ಬಣ್ಣ ತೆಗೆದು ಬೂದುಬಣ್ಣಕ್ಕೆ ತಂದೆ. ಆನೆಯ ಒಳಗೆ ತೂರಿಸಿದೆ. ಚೆನ್ನಾಗಿತ್ತು, ಆದರೆ ಮೆತ್ತಗಿತ್ತು. ಗೆರೆಗಳನ್ನು ಕಪ್ಪು ಮಾಡಿದೆ, ಉಬ್ಬುಗಳನ್ನು ಬೆಳ್ಳಗೆ ಮಾಡಿದೆ. ಇನ್ನೂ ಸಾಲದೆನಿಸಿ ಗೆರೆಗಳಿಗೆ ಆಳ ಕೊಟ್ಟೆ, ಇಲ್ಲದ ಕಡೆ ಏಳೆಂಟು ಬಿರುಕು ನಾನೇ ಎಳೆದೆ. ಆಗ ಆನೆ ಎದ್ದು ನಿಂತಿತು. ಅಕ್ಕನ ಅಂಗೈಯ ಉದ್ದ ರೇಖೆ ಹೊಟ್ಟೆಯ ಕೆಳಗೆ ಮಡಿಕೆಯಾಗಿ ಕೂತಿತ್ತು, ಬೆರಳಿನ ಸುಕ್ಕು ಸೊಂಡಿಲಾಗಿತ್ತು. ಬಾಷಣ್ಣ ನನ್ನ ತಲೆ ಮೇಲೆ ಕೈಯಿಟ್ಟ.

ಬಸ್ಸಿನಲ್ಲಿ ಅಕ್ಕ ಹೇಳಿದಳು, ‘ಅದು ನನ್ನ ಕೈ ಅಂತ ಯಾರಿಗೂ ಹೇಳ್ಬೇಡ ಕಣೇ.’

‘ಹೇಳಲ್ಲ ಬಿಡಕ್ಕ.’

ಆ ವಾರ ಚಾರ್ಟಿನವರು ಬಂದರು. ಆನೆಯ ಮುಂದೆ ನಿಂತೇ ಬಿಟ್ಟರು. ‘ಇದು ಬರೆದಿದ್ದೋ, ಫೋಟೋ ತೆಗೆದಿದ್ದೋ?’ ಎಂದು ಕೇಳಿದರು.

‘ತೆಗೆದಿದ್ದು ಸಾರ್. ಒಂದು ಗೆರೇನೂ ನಾನು ಹಾಕಿಲ್ಲ.’

ಯಾಕೆ ಹಾಗೆಂದೆನೋ. ಬಾಷಣ್ಣ ನನ್ನ ಕಡೆ ತಿರುಗಿ ನೋಡಿದ. ‘ಅದಕ್ಕೇ ನೋಡು, ಬರೆದಿದ್ರೆ ಗೊತ್ತಾಗಿಬಿಡ್ತಿತ್ತು’ ಎಂದು ಅವರು ಚಾರ್ಟಿನ ಮೂಲೆಯಲ್ಲಿ ಚಿಕ್ಕದಾಗಿ ನನ್ನ ಹೆಸರು ಹಾಕಲು ಹೇಳಿದರು. ‘ಚಿತ್ರ: ಪಾರ್ವತಿ.’ ನಾಲ್ಕು ಸಬ್ಜೆಕ್ಟಿನಲ್ಲಿ ಫೇಲಾದವಳ ಹೆಸರು ಶಾಲೆಯ ಗೋಡೆ ಏರುವುದೆಂದರೆ ಏನೆಂದು ನನಗೆ ಮಾತ್ರ ಗೊತ್ತು.

ಅದೇ ಹೊತ್ತಿಗೆ ಅಕ್ಕನಿಗೂ ಒಂದು ದಾರಿ ತೆರೆಯಿತು. ನಮ್ಮೂರಿನ ಅಂಗನವಾಡಿಯಲ್ಲಿ ಅಡಿಗೆ ಮಾಡಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಮ್ಮ ವಯಸ್ಸಾಗಿ ಬಿಟ್ಟಳು. ಊರಿನವಳು, ಗಂಡ ಇಲ್ಲದವಳು, ಸ್ವಲ್ಪ ಓದಿದವಳು ಎಂದು ಟೀಚರು ಅಕ್ಕನನ್ನೇ ಕರೆದರು. ಸದ್ಯಕ್ಕೆ ಹೀಗೇ ಬಂದು ಮಾಡಲಿ, ಮೇಲ್ವಿಚಾರಕಿ ಮೇಡಂ ಬರೆದು ಕಳಿಸಿದರೆ ಕಾಯಂ ಆಗುತ್ತದೆ ಎಂದರು. ಅಕ್ಕ ಶೆಡ್ಡು ಬಿಟ್ಟಳು. ಬೆಳಿಗ್ಗೆ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಇಸ್ತ್ರಿ ಇಲ್ಲದಿದ್ದರೂ ಮಡಿಕೆ ಸರಿಮಾಡಿ ಸೀರೆ ಉಟ್ಟು ಹೋಗುತ್ತಿದ್ದಳು. ಅವಳ ಮೈಯಿಂದ ಹುಳದ ವಾಸನೆ ಹೋಯಿತು. ಸಂಜೆ ಮಕ್ಕಳ ಹಾಡನ್ನು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದಳು. ಅಮ್ಮ, ‘ಇವಳಿಗೇ ಮೂರು ವರ್ಷ ಆದಂಗಿದೆ’ ಎಂದು ನಗುತ್ತಿದ್ದಳು. ಬಿಸಿನೀರು ಬಿಟ್ಟಿದ್ದಕ್ಕೆ ಅಂಗೈಯ ದಪ್ಪ ಚರ್ಮ ಏಳಲು ಶುರುವಾಗಿತ್ತು. ಕೆಳಗೆ ಹೊಸ ಚರ್ಮ ಕೆಂಪಗೆ ಕಾಣುತ್ತಿತ್ತು. ಇನ್ನೊಂದು ತಿಂಗಳಿಗೆ ಎಲ್ಲರ ಕೈಯಂತೆ ಆಗುತ್ತದೆ ಎಂದು ಅವಳೇ ಲೆಕ್ಕ ಹಾಕಿದ್ದಳು.

ದಸರೆಯಾದ ಮೇಲೆ ಚಾರ್ಟು ಅಚ್ಚಾಗಿ ಬಂತು. ನನ್ನ ಪಾಲಿಗೆ ಕೊಟ್ಟ ಒಂದನ್ನು ಸುತ್ತಿಕೊಂಡು ಸೀದಾ ನಮ್ಮೂರಿನ ಅಂಗನವಾಡಿಗೆ ಹೋದೆ. ಟೀಚರು ಅದನ್ನು ಮೊಳೆ ಹೊಡೆದು ಗೋಡೆಗೆ ಹಾಕಿದರು. ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ತಾಯಂದಿರೂ ಸುತ್ತ ನಿಂತರು. ನಮ್ಮ ಬೀದಿಯ ನಾರಾಯಣಮ್ಮ ಆನೆಯನ್ನು ಬೆರಳಿನಿಂದ ಸವರಿ, ‘ಅಬ್ಬ, ಚೂಡವೇ, ನೋಡೇ ಇಲ್ಲಿ, ಜೀವ ಇದ್ದಂಗೈತೆ. ಎಲ್ಲಿ ಹಿಡ್ಕೊಂಬಂದ್ಯೇ ಇದ್ನ?’ ಎಂದಳು. ಫೇಲಾದವಳೆಂದು ನನ್ನನ್ನು ಬೀದಿಯಲ್ಲೆಲ್ಲ ಆಡಿಕೊಂಡವಳು ಅವಳೇ.

ಒಲೆಯ ಕೋಣೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನ್ನ ಮುಖ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದಳು. ನಾನು ಕಂಡೆ. ಕಂಡೂ ಹೇಳಿದೆ.

‘ನಮ್ಮಕ್ಕನ ಕೈ ಅದು. ಕಂಪ್ಯೂಟರಿಗೆ ಇಟ್ಟು ತೆಗೆದಿದ್ದು. ಒಂದು ಗೆರೇನೂ ನಾನು ಹಾಕಿಲ್ಲ, ಕೈ ಹೆಂಗಿತ್ತೋ ಹಂಗೇ.’

ಎಲ್ಲರೂ ಆನೆಯನ್ನು ನೋಡಿದರು, ಆಮೇಲೆ ಅಕ್ಕನ ಕೈ ನೋಡಿದರು. ಅಕ್ಕನ ಕೈಯಲ್ಲಿ ಉಪ್ಪಿಟ್ಟಿನ ಸೌಟಿತ್ತು. ಅಂಗೈಯಿಂದ ಚರ್ಮ ಬಿಳಿ ಬಿಳಿಯಾಗಿ ಏಳುತ್ತಿತ್ತು.

ಮಾರನೇ ದಿನ ಇಬ್ಬರು ಮಕ್ಕಳು ಬರಲಿಲ್ಲ. ಮೂರನೇ ದಿನ ನಾರಾಯಣಮ್ಮ ತನ್ನ ಮೊಮ್ಮಗಳಿಗೆ ಮನೆಯಿಂದಲೇ ಡಬ್ಬಿ ಕಳಿಸಿದಳು. ಅದು ದೊಡ್ಡ ರೋಗವಂತೆ, ಕುಷ್ಠವಂತೆ, ಗಂಡ ಸತ್ತದ್ದೂ ಅದರಿಂದಲೇ ಅಂತೆ ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಅಕ್ಕ ಮುಳಬಾಗಿಲಿಗೆ ಹೋಗಿ ಡಾಕ್ಟರಿಗೆ ತೋರಿಸಿ ಚೀಟಿ ತಂದಳು. ರೋಗವಿಲ್ಲ, ಬಿಸಿನೀರಿನ ಕೆಲಸದಿಂದ ಹೀಗಾಗಿದೆ ಎಂದು ಅದರಲ್ಲಿ ಬರೆದಿತ್ತು. ಟೀಚರು ಅದನ್ನು ಎಲ್ಲರಿಗೂ ಓದಿ ಹೇಳಿದರು. ‘ಚೀಟಿ ಏನಾದ್ರೂ ಹೇಳ್ಲಿ. ಗೋಡೆ ಮೇಲೆ ಕಾಣ್ತಾ ಐತಲ್ಲ’ ಎಂದಳು ನಾರಾಯಣಮ್ಮ.

ದೀಪಾವಳಿಗೆ ನಾಲ್ಕು ದಿನವಿರುವಾಗ ಮೇಲ್ವಿಚಾರಕಿ ಮೇಡಂ ವಿಚಾರಿಸಲು ಬಂದರು. ಬೆಳಗಿನ ಹನ್ನೊಂದು ಗಂಟೆ. ಮಳೆ ಬಂದು ನಿಂತು ಅಂಗಳವೆಲ್ಲ ಕೆಸರಾಗಿತ್ತು. ತಾಯಂದಿರು ಜಗಲಿಯ ಮೇಲೆ ಕೂತಿದ್ದರು. ನನ್ನನ್ನೂ ಬರಹೇಳಿದ್ದರು. ಮೇಡಂ ಅಕ್ಕನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು. ಚೀಟಿ ಓದಿದರು. ಚಾರ್ಟಿನ ಮುಂದೆ ನಿಂತರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಕೇಳಿದರು.

‘ಇದನ್ನ ಮಾಡಿದೋಳು ನೀನೇ ಅಲ್ವೇನಮ್ಮ? ಕಂಪ್ಯೂಟರಲ್ಲಿ ಇಷ್ಟೊಂದು ಬಿರುಕು ನೀನು ಮಾಡಿದ್ದಾ, ಇಲ್ಲಾ ಕೈ ಹೀಗೇ ಇತ್ತಾ?’

ಒಂದು ಮಾತು ಸಾಕಾಗಿತ್ತು. ನಾನು ಮಾಡಿದ್ದು ಮೇಡಂ, ಇಲ್ಲದ ಬಿರುಕನ್ನೂ ಎಳೆದೆ ಮೇಡಂ ಅಂದಿದ್ದರೆ ಮುಗಿದಿತ್ತು. ಚಾರ್ಟಿನವರು ಅಲ್ಲಿರಲಿಲ್ಲ. ನನ್ನ ಕೆಲಸ ಹೋಗುತ್ತಿರಲಿಲ್ಲ. ಹೋಗುತ್ತಿದ್ದದ್ದು ಇಷ್ಟೇ, ಜಗಲಿಯ ಮೇಲಿದ್ದ ಏಳೆಂಟು ಹೆಂಗಸರ ಮುಂದೆ ನಾನು ಸುಳ್ಳಿಯಾಗುತ್ತಿದ್ದೆ. ಎರಡು ವಾರದಿಂದ ಅವರು ನನ್ನನ್ನು ‘ಕಂಪ್ಯೂಟರ್ ಪಾರ್ವತಿ’ ಎನ್ನುತ್ತಿದ್ದರು. ಮೂಲೆಯಲ್ಲಿ ನನ್ನ ಹೆಸರು ಕಾಣುತ್ತಿತ್ತು. 

‘ಹಿಂಗೇ ಇತ್ತು ಮೇಡಂ’ ಎಂದೆ.

ಅಕ್ಕ ಕೈಗಳನ್ನು ಸೆರಗಿನ ಒಳಗೆ ತೆಗೆದುಕೊಂಡಳು.

ಮನೆಗೆ ಬರುವ ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಬೈಯುತ್ತಾಳೆಂದು ಕಾದೆ. ಹೊಂಗೆಮರದ ಹತ್ತಿರ ನಿಂತಳು. ‘ನೀನು ಗೆರೆ ಕಪ್ಪು ಮಾಡಿದ್ದು ನಾನು ನೋಡಿದ್ದೆ ಕಣೇ. ಪಕ್ಕದಲ್ಲೇ ಕೂತಿದ್ದೆನಲ್ಲ.’

‘ಮತ್ತೆ ನೀನ್ಯಾಕೆ ಹೇಳ್ಲಿಲ್ಲ?’ ಎಂದು ಕೇಳಿದೆ. ಕೇಳಲು ನನಗೆ ನಾಚಿಕೆಯಾಗಬೇಕಿತ್ತು.

‘ನಾನು ಹೇಳಿದ್ರೆ ನೀನು ಸುಳ್ಳಿ ಆಗ್ತಿದ್ದೆ. ನೀನೇ ಹೇಳಿದ್ರೆ ತಪ್ಪು ಒಪ್ಪಿಕೊಂಡಂಗೆ ಆಗ್ತಿತ್ತು. ಹೇಳ್ತೀಯ ಅಂತ ಕಾದೆ.’

ಹಬ್ಬ ಮುಗಿದ ಮೇಲೆ ಆ ಕೆಲಸಕ್ಕೆ ಬೇರೆಯವಳು ಬಂದಳು. ಅಕ್ಕ ಮತ್ತೆ ಶೆಡ್ಡಿಗೆ ಹೋದಳು. ಮೊದಲ ವಾರ ಎಳೆ ಚರ್ಮ ಬಿಸಿನೀರಿಗೆ ಬೊಬ್ಬೆ ಎದ್ದು, ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಹದಿಮೂರು ವರ್ಷ ಅಲ್ಲೇ ಕೂತಳು. ಹಬೆ ಕುಡಿದು ಕುಡಿದು ದಮ್ಮು ಹಿಡಿಯಿತು. ನಾವು ಬೇರೆ ಎಲ್ಲ ಮಾತಾಡಿದೆವು. ನನ್ನ ಮದುವೆಗೆ ಓಡಾಡಿದಳು, ಬಾಣಂತನ ಮಾಡಿದಳು. ಇದೊಂದನ್ನು ಬಿಟ್ಟು ಎಲ್ಲ.

ಚಾರ್ಟು ಮಾತ್ರ ನನ್ನನ್ನು ಬಿಡಲಿಲ್ಲ. ಬಹಳ ಓಡಿತು ಅದು. ನನ್ನ ಮಗಳನ್ನು ನರ್ಸರಿಗೆ ಸೇರಿಸಲು ಹೋದರೆ ಅಲ್ಲಿತ್ತು. ಲಕ್ಕೂರಿನಲ್ಲಿ ಯಾರದೋ ಮನೆಯ ಗೋಡೆಯ ಬಿರುಕು ಮುಚ್ಚಲು ಹಾಕಿದ್ದರು. ಪ್ರತಿ ಸಲವೂ ಎಲ್ಲಕ್ಕಿಂತ ಮೊದಲು ಕಾಣುತ್ತಿದ್ದದ್ದು ಆನೆಯ ಹೊಟ್ಟೆಯ ಕೆಳಗಿನ ಆ ಉದ್ದ ರೇಖೆ. ಅಕ್ಕನ ಕೊನೆಯ ವರ್ಷ ಅವಳನ್ನು ದಮ್ಮಿಗೆ ತೋರಿಸಲು ಒಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. ಮಕ್ಕಳಿಗೆ ಲಸಿಕೆ ಹಾಕುವ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ತಲೆಯೆತ್ತಿದರೆ ಎದುರಿಗೆ ಅದೇ ಆನೆ, ಬಿಸಿಲಿಗೆ ನೀಲಿಗಟ್ಟಿತ್ತು. ಅಕ್ಕ ನೋಡಿದಳು. ಅವಳ ಕೈ ತಾನಾಗೇ ಸೆರಗಿನ ಒಳಗೆ ಹೋಯಿತು. ‘ಬಣ್ಣ ಹೋಗಿದೆ ನೋಡು ಅದರದ್ದು’ ಎಂದಳು. ಅಷ್ಟೇ. ಆಗಲಾದರೂ ಕಾಲು ಹಿಡಿಯಬಹುದಿತ್ತು. ನರ್ಸು ಹೆಸರು ಕೂಗಿದಳು, ಎದ್ದು ಹೋದೆವು.

ಶ್ರೀನಿವಾಸಪುರದ ರಸ್ತೆಯಿಂದ ಬಂದ ಮೇಲೆ ನನಗೆ ನಿದ್ದೆ ಬರಲಿಲ್ಲ. ಬಾಷಣ್ಣ ಈಗ ಅಂಗಡಿ ನಡೆಸುವುದಿಲ್ಲ, ಆದರೆ ಹಳೆಯ ಸಿ.ಡಿ.ಗಳನ್ನು ಇಟ್ಟಿದ್ದ. ಅದರಲ್ಲಿ ನಾನು ಏನೂ ಮಾಡುವ ಮೊದಲಿನ ಕೈ ಇತ್ತು. ಅದನ್ನು ಅಚ್ಚು ಹಾಕಿಸಿಕೊಂಡು, ವಿಳಾಸ ವಿಚಾರಿಸಿ, ಆ ಮೇಲ್ವಿಚಾರಕಿ ಮೇಡಂ ಮನೆಗೆ ಹೋದೆ. ನಿವೃತ್ತಿಯಾಗಿ ಮುಳಬಾಗಿಲಿನಲ್ಲೇ ಇದ್ದಾರೆ. ಮೊದಲು ಗುರುತು ಸಿಗಲಿಲ್ಲ. ಆನೆಯ ಚಾರ್ಟು ಎಂದ ಮೇಲೆ ಕನ್ನಡಕ ತೆಗೆದು ಮುಖ ನೋಡಿದರು.

‘ರತ್ನನ ತಂಗಿ ಅಲ್ವಾ ನೀನು. ಹೆಂಗಿದಾಳೆ?’

‘ತೀರಿಹೋದ್ಲು ಮೇಡಂ.’

ಅವರು ಒಳಗೆ ಕಾಫಿ ಹೇಳಿ ಬಂದು ಕೂತರು. ನಾನು ಎಲ್ಲ ಹೇಳಿದೆ. ಕಪ್ಪು ಮಾಡಿದ್ದು, ಬಿರುಕು ಎಳೆದದ್ದು, ಅವರ ಮುಂದೆ ಸುಳ್ಳು ಹೇಳಿದ್ದು. ಅಚ್ಚು ಹಾಕಿಸಿದ ಕೈಯನ್ನು ಅವರ ಮುಂದಿಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

‘ಇದ್ರಲ್ಲೇನಿದೆ? ಕೆಲ್ಸ ಮಾಡೋರ ಕೈ. ನಮ್ಮಮ್ಮಂದೂ ಹಿಂಗೇ ಇತ್ತು.’

‘ಹೌದು ಮೇಡಂ.’

‘ನಾನು ಅವತ್ತು ಕಾಗದ ಬರ್ಕೊಂಡೇ ಬಂದಿದ್ದೆ ಕಣಮ್ಮ, ಅವಳ ಹೆಸರಿಗೆ, ಕಾಯಂ ಮಾಡಿ ಅಂತ. ಬ್ಯಾಗಲ್ಲಿತ್ತು. ಡಾಕ್ಟರು ಚೀಟಿ ಕೊಟ್ಟ ಮೇಲೆ ನನಗಿನ್ನೇನು ಅನುಮಾನ? ಆ ಹೆಂಗಸರು ಕೇಳ್ಬೇಕಿತ್ತು, ನಿನ್ನ ಬಾಯಿಂದ. ಅದಕ್ಕೇ ಎಲ್ಲರ ಮುಂದೆ ಕೇಳಿದ್ದು. ಇಲ್ಲ ಮೇಡಂ, ನಾನೇ ಮಾಡ್ದೆ ಅಂತೀಯ ಅಂದ್ಕೊಂಡಿದ್ದೆ.’

ಕಾಫಿ ಬಂತು. ಲೋಟ ತೆಗೆದುಕೊಂಡು ಕೆಳಗಿಟ್ಟೆ. ‘ಆ ಕಾಗದ ಏನು ಮಾಡಿದ್ರಿ ಮೇಡಂ?’ ಎಂದೆ.

‘ಏನ್ಮಾಡ್ತಾರೆ? ನಿಮ್ಮೂರ ಜಗಲಿ ಮೇಲೇ ಕೂತು ಅವಳ ಹೆಸರು ಹೊಡೆದೆ, ಇನ್ನೊಬ್ಬಳದು ಬರೆದೆ’ ಎಂದರು. ‘ಕುಡಿ, ಆರೋಗತ್ತೆ.’